ಅಪ್ಪನ ಅಂಚಿಗಾಗಿ ಬಿಟ್ಟ ನಿಯಮ

ಬನಹಟ್ಟಿಯಲ್ಲಿ ನಾನೂ ಒಬ್ಬ ಜೊತೆಗಾರನೂ ಸೀರೆ ವಿನ್ಯಾಸದ ತಂತ್ರಾಂಶ ಬರೆಯುತ್ತಿದ್ದೆವು. ಅಪ್ಪ ಕೈಮಗ್ಗದಲ್ಲಿ ನೇಯುತ್ತಿದ್ದ ಅಂಚನ್ನು ಅವರಿಂದಲೇ ಕೇಳಿ, ಎಳೆ ಎದ್ದಲ್ಲಿ ಒಂದು, ಇಳಿದಲ್ಲಿ ಸೊನ್ನೆ ಎಂದು ಉದ್ದ ಸಾಲುಗಳಾಗಿ ಕೋಡ್‌ಗೆ ಇಳಿಸಿದ್ದೆ. ಸಾಲುಗಳು ಒಂದರ ಕೆಳಗೊಂದು ನಿಂತರೆ ಪರದೆಯ ಮೇಲೆ ಅಂಚೇ ಮೂಡುತ್ತಿತ್ತು. ತಪ್ಪಿದ್ದರೆ ಹೇಳಬಲ್ಲವರು ಅಪ್ಪ ಒಬ್ಬರೇ. ಅವರ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು.

ಕೋಡ್ ನಿಯಮದಂತೆ ಬರೆದಿದೆಯೇ ಎಂದು ತಾನಾಗಿ ಪರೀಕ್ಷಿಸುವ ಸಾಧನ ಮಾತ್ರ, 'ಸಾಲು ಉದ್ದವಾಯಿತು, ತುಂಡರಿಸಿ' ಎನ್ನುತ್ತಿತ್ತು.

"ನಿಯಮಾ ಅಂದ್ರ ನಿಯಮಾರೀ ಅಕ್ಕಾರ," ಎಂದ ಜೊತೆಗಾರ.

"ಉಳಿದಿದ್ದೆಲ್ಲಾ ಪಾಲಿಸೂಣು. ಈ ಸಾಲ ಮುರದ್ರ ಅಪ್ಪಗ ಏನ್ ತೋರಸ್ಲೋ?"

ಹಲವು ದಿನ ವಾದಿಸಿ ಆ ನಿಯಮವನ್ನು ಕೈಬಿಟ್ಟೆವು. ಅಪ್ಪನನ್ನು ಕರೆತಂದು ಪರದೆಯ ಮುಂದೆ ಕೂರಿಸಿದೆ. ಅವರು ಗಾಜಿಗೆ ಮೂಗು ತಾಗುವಷ್ಟು ಬಾಗಿದರು.

"ಬೆಳಕ ಕಾಣಾಕತ್ತೈತಿ. ಅಂಚ ಎಲ್ಲೈತೆವ್ವಾ?"

ನಾನು ಮೊದಲ ಸಾಲನ್ನು ಗಟ್ಟಿಯಾಗಿ ಓದತೊಡಗಿದೆ. ಅರ್ಧಕ್ಕೇ ಅವರು ಕೈಯೆತ್ತಿ, "ಸಾಕ ಬಿಡವ್ವಾ. ಕಣ್ಣಿಗೆ ಕಾಣದ ಅಂಚ ಕಿವಿಗೆ ಸಿಗಾಂಗಿಲ್ಲ," ಎಂದರು.