ಚುಕ್ಕಿ ಬಂಗ್ಲೆ ಮತ್ತು ಎಳ್ಳಮಾವಾಸ್ಯೆಯ ಬೆಂಕಿ

ನನ್ನ ಬಾಯಿ ದೊಡ್ಡದು ಎಂಬುದು ಔರಾದ ತಾಲೂಕಿಗೆಲ್ಲ ಗೊತ್ತಿದ್ದ ಮಾತು. ಬೀದರಿನಲ್ಲಿ ಏಳನೆಯ ಇಯತ್ತೆಯವರೆಗೆ ಉರ್ದು ಕಲಿತವಳನ್ನು ಠಾಣಾ ಕುಶನೂರಿನ ಹತ್ತಿರದ ಹಳ್ಳಿಗೆ ಸೊಸೆಯಾಗಿ ತಂದರೆ ಇನ್ನೇನಾದೀತು? ಸರ್ಕಾರಿ ಕಾಗದಗಳೆಲ್ಲ ಉರ್ದುವಿನಲ್ಲೇ ಬರುತ್ತಿದ್ದ ಕಾಲ ಅದು. ಕಾಗದ ಬಂದಾಗಲೆಲ್ಲ ಊರ ಪಾಟೀಲರು ನನ್ನನ್ನು ಕರೆಸುತ್ತಿದ್ದರು. ನಾನು ಸೆರಗು ಹೊದ್ದು ಹೋಗಿ ಓದುತ್ತಿದ್ದೆ. ಓದಿ ಮುಗಿಸಿದ ಮೇಲೆ, ಯಾರೂ ಕೇಳದಿದ್ದರೂ, ನನ್ನದೂ ನಾಲ್ಕು ಮಾತು ಸೇರಿಸುತ್ತಿದ್ದೆ.

ಪೊಲೀಸ್ ಕಾರ್ಯಾಚರಣೆಯಾಗಿ ಎರಡನೆಯ ಚಳಿಗಾಲ. ಭಾಲ್ಕಿ ಸ್ಟೇಷನ್ನಿನಿಂದ ಎರಡು ಎತ್ತಿನ ಗಾಡಿಗಳು ನಮ್ಮೂರಿಗೆ ಬಂದವು. ಗಾಡಿಯಲ್ಲಿ ಹುಲ್ಲು ಹಾಸಿ ಇಟ್ಟ ಮರದ ಪೆಟ್ಟಿಗೆಗಳು, ಪೆಟ್ಟಿಗೆಗಳ ನಡುವೆ ಶೇರ್ವಾನಿ ತೊಟ್ಟ, ಕಡ್ಡಿಯಂಥ ಒಬ್ಬ ವಯಸ್ಸಾದ ಸಾಹೇಬರು. ನಕ್ಷತ್ರ ನೋಡುವ ಒಂದು ದೊಡ್ಡ ವೀಕ್ಷಣಾಲಯ ಕಟ್ಟುವುದಿದೆ, ಅದಕ್ಕೆ ನಿಮ್ಮ ಬೋಳುಗುಡ್ಡ ಸರಿಹೋಗುತ್ತದೋ ಇಲ್ಲವೋ ಪರೀಕ್ಷೆ ಮಾಡಬೇಕು ಎಂದರು. ಊರವರು ಅದಕ್ಕೆ ಅಂದೇ ಚುಕ್ಕಿ ಬಂಗ್ಲೆ ಎಂದು ಹೆಸರಿಟ್ಟರು. ಸಾಹೇಬರು ತಾವಾಗಿಯೇ ಚುಕ್ಕಿ ಸಾಹೇಬರಾದರು.

ನನಗಂತೂ ಹಿಡಿಸಲಾರದ ಖುಷಿ. ಹುಣ್ಣಿಮೆಗೆ ಮುಂಚೆ ಒಂದು ಸಂಜೆ ಗಂಡನನ್ನು ಕಾಡಿಸಿ ಗುಡ್ಡ ಹತ್ತಿದೆ. ಸಾಹೇಬರು ಹಿತ್ತಾಳೆಯ ದುರ್ಬೀನು ತಿರುಗಿಸಿ ಕಣ್ಣಿಡಲು ಹೇಳಿದರು. ಚಂದ್ರನ ಮೈಮೇಲೆ ಕುಳಿಗಳು. ಇಷ್ಟು ದಿನ ನಾನು ಹಾಡಿ ಹೊಗಳಿದ ಚಂದಮಾಮನ ಮುಖದ ತುಂಬ ಸಿಡುಬಿನ ಕಲೆ. ಮನೆಗೆ ಬಂದು ಅತ್ತೆಗೆ ಹೇಳಿದರೆ, 'ಮೈಲಿ ಎದ್ದಿರ್ಬೇಕು ಪಾಪ' ಎಂದು ರೊಟ್ಟಿ ಬಡಿಯುವುದನ್ನು ಮುಂದುವರಿಸಿದರು.

ಆ ಖುಷಿಗೆ ಕಲ್ಲು ಬಿದ್ದದ್ದು ಎಳ್ಳಮಾವಾಸ್ಯೆಗೆ ಎರಡು ದಿನ ಇರುವಾಗ. ಪಾಟೀಲರ ಕಟ್ಟೆಯ ಮೇಲೆ ಸರ್ಕಾರದ ಹುಕುಂ ನಾನೇ ಓದಿದೆ. ಪರೀಕ್ಷೆ ಮುಗಿಯುವವರೆಗೆ, ಅಂದರೆ ಅಮಾವಾಸ್ಯೆಯ ಆಚೀಚೆ ಮೂರು ದಿನ, ಗುಡ್ಡಕ್ಕೆ ಕಾಣುವ ಯಾವ ಹೊಲದಲ್ಲೂ ಬೆಂಕಿ ಹಚ್ಚಬಾರದು. ಮೀರಿದವರ ಹೆಸರನ್ನು ಸಾಹೇಬರು ಬರೆದು ತಹಸೀಲಿಗೆ ಕಳಿಸುತ್ತಾರೆ. ಬಂಗ್ಲೆ ಕಟ್ಟಿದರೆ ಈ ಕಾಯಿದೆ ಕಾಯಂ.

ಕಟ್ಟೆಯ ಮೇಲಿದ್ದವರೆಲ್ಲ ಒಮ್ಮೆಲೇ ಎದ್ದರು. 'ಹಟ್ಟಿ ಮುಂದ ಬೆಂಕಿ ಇಲ್ದ ಕುರಿ ಹ್ಯಾಂಗ ಕಾಯೋದ್ರಿ? ತೋಳಕ್ಕ ಮೂರು ದಿನ ತಡಿ ಅಂತ ಒಂದು ಹುಕುಂ ಬರೀಲಿ' ಎಂದ ಒಬ್ಬ ಕುರುಬ. ನಾನು ಕೂಡ ಕೂಗಾಡಿದೆ. ನನಗೆ ಗೊತ್ತಿತ್ತು, ಈ ಹುಕುಂ ಎಲ್ಲರಿಗಿಂತ ಹೆಚ್ಚು ಚುಚ್ಚುವುದು ನಮ್ಮ ಅತ್ತೆಗೆ.

ಎಳ್ಳಮಾವಾಸ್ಯೆಯ ದಿನ ನಾವು ಹೊಲದಲ್ಲಿ ಜೋಳದ ಕಣಿಕೆಯಿಂದ ಗುಡಿಸಲಿನಂಥ ಕೊಂಪೆ ಕಟ್ಟಿ, ಐದು ಕಲ್ಲಿಟ್ಟು ಪಾಂಡವರ ಪೂಜೆ ಮಾಡಿ, ಎಡೆಯ ತುತ್ತನ್ನು ಚರಗವೆಂದು ಪೈರಿಗೆ ಚೆಲ್ಲಿ, ಕಾಳು ಸೊಪ್ಪಿನ ಭಜ್ಜಿ, ಅಂಬಲಿ ಉಣ್ಣುತ್ತೇವೆ. ಸಂಜೆ ಮಡಕೆಯಲ್ಲಿ ಬೆಂಕಿ ಹೊತ್ತು ಹೊಲ ಸುತ್ತಬೇಕು. ನಮ್ಮ ಮನೆಯಲ್ಲಿ ಅದನ್ನು ಹೊರುತ್ತಿದ್ದವರು ಮಾವ. ಸುತ್ತು ಮುಗಿಯುವವರೆಗೆ ಮಡಕೆ ನೆಲಕ್ಕೆ ತಾಗಬಾರದೆಂಬುದು ಮನೆಯ ಕಟ್ಟು. ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಗಲಾಟೆಯ ವರ್ಷ ಊರಿಗೆ ಊರೇ ಜೀವ ಉಳಿಸಿಕೊಳ್ಳಲು ಓಡಿ ಗಡಿಯಾಚೆ ಇತ್ತು, ಬೆಂಕಿ ಏಳಲಿಲ್ಲ. ಅಲ್ಲೇ ಮಾವ ಜ್ವರದಿಂದ ಹೋದರು. ಮರುವರ್ಷದ ಎಳ್ಳಮಾವಾಸ್ಯೆಗೆ ಅವರ ವರ್ಷಾಂತಿಕ ಇನ್ನೂ ಆಗಿರಲಿಲ್ಲ, ಹಾಗಾಗಿ ಆಗಲೂ ಬೆಂಕಿ ಹೊರಲಿಲ್ಲ.

'ಮೂರನೇ ವರ್ಷಾನೂ ತಪ್ಪಿದ್ರ ಹೊಲ ನಮ್ಮನ್ನ ಮರೀತದ. ಈ ಸಲ ನಾನೇ ಹೊರ್ತೇನಿ' ಎಂದಿದ್ದರು ಅತ್ತೆ.

ಅಮಾವಾಸ್ಯೆಯ ಹಿಂದಿನ ದಿನ ಪಾಟೀಲರು, ಅತ್ತೆ, ನಾನು ಗುಡ್ಡ ಹತ್ತಿದೆವು. ಸಾಹೇಬರು ಚಾಪೆ ಹಾಸಿ ಕೂರಿಸಿದರು. ಅವರು ಆಡಿದ್ದು ದಖ್ಖನಿ, ನಮಗದು ಹೊಸದೇನಲ್ಲ. ಸಣ್ಣ ಚುಕ್ಕಿ ಕಾಣುವುದು ಅಮಾವಾಸ್ಯೆಯ ಕತ್ತಲಲ್ಲೇ, ಅದೇ ಹೊತ್ತಿಗೆ ಹೊಲಗಳೆಲ್ಲ ಉರಿದರೆ ಪರೀಕ್ಷೆ ಮಣ್ಣಾಗುತ್ತದೆ ಎಂದರು. ಬಂಗ್ಲೆಯಾದರೆ ಊರಿಗೆ ರಸ್ತೆ ಬರುತ್ತದೆ ಎಂದೂ ಹೇಳಿದರು.

'ನಾ ರಸ್ತಾ ಕೇಳಿಲ್ರಿ' ಎಂದರು ಅತ್ತೆ.

'ಹುಕುಂ ನನ್ನದಲ್ಲ ಅಮ್ಮಾ' ಎಂದು ಸಾಹೇಬರು ತಲೆ ತಗ್ಗಿಸಿದರು.

ನನ್ನ ನಾಲಿಗೆ ತುದಿಗೆ ಬೈಗುಳ ಬಂದಿತ್ತು. ಅಷ್ಟರಲ್ಲಿ ಅತ್ತೆ ಮೊಣಕಾಲು ಹಿಡಿದು ಎದ್ದು, 'ನಾಳಿಗಿ ನಮ್ಮ ಹೊಲಕ್ಕ ಊಟಕ್ಕ ಬರ್ರಿ' ಎನ್ನಬೇಕೇ? ಇಳಿಯುವಾಗ ದಾರಿಯುದ್ದಕ್ಕೂ ನಾನು ಸಿಡಿದೆ. ಅತ್ತೆ ನಿಂತು ನನ್ನನ್ನು ನೋಡಿದರು. 'ಎಳ್ಳಮಾಸಿ ದಿನ ಹೊಲದ ಮಗ್ಗಲಾಗ ಮನಷಾ ಅದಾನಂದ್ರ ಕರೀಬೇಕು. ಜಗಳ ಬ್ಯಾರೆ, ಅಂಬಲಿ ಬ್ಯಾರೆ.'

ಸಾಹೇಬರು ಬಂದರು. ಚಪ್ಪಲಿ ಬಿಟ್ಟು ಕೊಂಪೆಯ ಮುಂದೆ ಕೂತು ಸಜ್ಜೆ ರೊಟ್ಟಿ, ಭಜ್ಜಿ ತಿಂದರು. ಹುಳಿ ಬಂದ ಜೋಳದ ಅಂಬಲಿಯನ್ನು ಮೊದಲು ಮೂಸಿ ನೋಡಿದವರು ಆಮೇಲೆ ಮೂರು ಬಟ್ಟಲು ಕುಡಿದರು. ನಮ್ಮ ಅಂಬಲಿಯ ತಾಕತ್ತು ಅವರಿಗೇನು ಗೊತ್ತು? ಬಾರಿ ಗಿಡದ ನೆರಳಿಗೆ ಹೋಗಿ ಟೋಪಿ ಮುಖಕ್ಕೆ ಮುಚ್ಚಿಕೊಂಡವರು ಗೊರಕೆ ಹೊಡೆಯತೊಡಗಿದರು.

ಹೊತ್ತು ಇಳಿಯಿತು. ಸಾಹೇಬರು ಏಳಲಿಲ್ಲ. 'ಅತ್ತಿ, ಈಗೇ ಹಚ್ಚರಿ. ಅವ್ರು ಏಳೂದ್ರಾಗ ಮುಗೀತದ' ಎಂದು ಪಿಸುಗುಟ್ಟಿದೆ. ಇಂಥ ಜಾಣತನ ನನಗೆ ಹೊಳೆದದ್ದಕ್ಕೆ ಹೆಮ್ಮೆಯೂ ಆಗಿತ್ತು.

'ನನ್ನ ಹೊಲಕ್ಕ ನಾ ಕಳುವಿಲೆ ಬೆಂಕಿ ತೋರಸ್ಲೇನು?' ಎಂದರು ಅತ್ತೆ. ನೇರ ಬಾರಿ ಗಿಡದ ಕಡೆ ನಡೆದರು. 'ಸಾಹೇಬ್ರ, ಏಳ್ರಿ. ನಾ ಬೆಂಕಿ ಹಚ್ಚಾಕತ್ತೇನಿ. ನನ್ನ ಹೆಸರು ಬರಕೋರಿ.'

ಸಾಹೇಬರು ಗಡಬಡಿಸಿ ಎದ್ದು ಕೂತರು. ಕೈ ಜೇಬಿನ ನೋಟುಬುಕ್ಕಿಗೆ ಹೋಯಿತು, ಅಲ್ಲೇ ನಿಂತಿತು. ಅತ್ತೆ ಮಡಕೆಯೊಳಗಿನ ಸಗಣಿ ಕುಳ್ಳಿಗೆ ಬೆಂಕಿ ಹಚ್ಚಿ, ಸಿಂಬೆಯ ಮೇಲೆ ಹೊತ್ತು ಹೊರಟರು. ಮುಂದೆ ಗಂಡ ಚರಗ ಚೆಲ್ಲುತ್ತ ನಡೆದ, ಹಿಂದೆ ನಾನು ತುಂಬಿದ ನೀರಿನ ಕೊಡ ಹೊತ್ತು ನಡೆದೆ. ಸಾಹೇಬರು ಬರಿಗಾಲಲ್ಲೇ ಬದುವಿನ ಮೇಲೆ ನಮ್ಮ ಜೊತೆ ಬಂದರು, ತಡೆಯಲೋ ನೋಡಲೋ ನನಗೆ ತಿಳಿಯಲಿಲ್ಲ.

ಮುಕ್ಕಾಲು ಸುತ್ತು ಆಗಿತ್ತು. ಕಡಲೆ ಹೊಲದ ಮೂಲೆಯಲ್ಲಿ ಅತ್ತೆಯ ಮೊಣಕಾಲು ಕೈಕೊಟ್ಟಿತು. ಬದುವಿಗೆ ಕುಸಿದರು, ಮಡಕೆ ತಲೆಯಿಂದ ಜಾರಿ ಎರಡೂ ಕೈಗೆ ಬಂತು, ಭಾರಕ್ಕೆ ನೆಲದತ್ತ ಇಳಿಯತೊಡಗಿತು. ಗಂಡ ಬೆನ್ನು ತಿರುಗಿಸಿ ಎಷ್ಟೋ ಮುಂದಿದ್ದ. ನನ್ನ ತಲೆಯ ಮೇಲೆ ಕೊಡ. 'ನೆಲಕ್ಕ ತಾಗ್ತದ, ನೆಲಕ್ಕ ತಾಗ್ತದ' ಎಂದು ಅತ್ತೆ ಅಳುದನಿಯಲ್ಲಿ ಹೇಳುತ್ತಿದ್ದರು. ನಾನು ಸೊಸೆಯಾಗಿ ಬಂದಾಗಿನಿಂದ ಅವರ ಬಾಯಲ್ಲಿ ಆ ದನಿ ಕೇಳಿರಲಿಲ್ಲ.

'ಇಧರ್ ದೇವ್ ಮಾ' ಎಂದರು ಸಾಹೇಬರು. ಶೇರ್ವಾನಿಯ ತೋಳು ಕೈಗೆ ಎಳೆದುಕೊಂಡು ಆ ಸುಡುವ ಮಡಕೆ ಎತ್ತಿಕೊಂಡರು. ಉಳಿದ ಕಾಲು ಸುತ್ತನ್ನು, ತೊಗರಿ ಸಾಲುಗಳ ಬದಿಯಲ್ಲಿ, ಹೊಗೆಗೆ ಕಣ್ಣೀರು ಸುರಿಸುತ್ತ, ಅವರೇ ನಡೆದು ಮುಗಿಸಿ ಕೊಂಪೆಯ ಮುಂದೆ ಇಳಿಸಿದರು. ನಮ್ಮ ಹೊಲದ ಬೆಂಕಿ ನೋಡಲೆಂದೇ ಕಾದಿದ್ದರೋ ಏನೋ, ಪಕ್ಕದ ಹೊಲದಲ್ಲಿ ಒಂದು ಎದ್ದಿತು, ಅದರಾಚೆ ಇನ್ನೊಂದು, ಆಮೇಲೆ ಕುಶನೂರಿನ ದಿಕ್ಕಿಗೆಲ್ಲ ಬೆಂಕಿಯೇ ಬೆಂಕಿ. ನಾನು ಕೊಡ ಇಳಿಸಿ ಗಟ್ಟಿಯಾಗಿ ಅಳುವುದು, ನಗುವುದು ಎರಡೂ ಮಾಡಿದೆ.

ಆ ರಾತ್ರಿಯ ಪರೀಕ್ಷೆ ಮಣ್ಣಾಯಿತು, ಚುಕ್ಕಿ ಬಂಗ್ಲೆ ನಮ್ಮ ಗುಡ್ಡಕ್ಕೆ ಬರಲಿಲ್ಲ. ದುರ್ಬೀನಿನಲ್ಲಿ ಕಂಡ ಚಂದ್ರನನ್ನು ನೆನೆದಾಗ ನನಗೆ ಇವತ್ತಿಗೂ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಎಳ್ಳಮಾವಾಸ್ಯೆಯ ಮರುದಿನ ಬೆಳಿಗ್ಗೆ ಸಾಹೇಬರು ತಹಸೀಲಿಗೆ ಹೋಗುವ ಕಾಗದವನ್ನು ಪಾಟೀಲರ ಕೈಗಿತ್ತರು. ಊರೆಲ್ಲ ಕಟ್ಟೆಯ ಸುತ್ತ ನೆರೆದಿತ್ತು. ಅತ್ತೆ ಮೊಣಕಾಲಿಗೆ ಎಕ್ಕದ ಎಲೆ ಕಟ್ಟಿಕೊಂಡು ಮುಂದೆಯೇ ಕೂತಿದ್ದರು. ನಾನು ಓದಿದೆ: 'ಹುಕುಂ ಮೀರಿ ಬೆಂಕಿ ಹೊತ್ತವರು.' ಅದರ ಕೆಳಗೆ ಒಂದೇ ಒಂದು ಹೆಸರಿತ್ತು, ಸಾಹೇಬರದು.

'ಮುಂದ ಓದವ್ವ' ಎಂದರು ಅತ್ತೆ.

'ಅಷ್ಟೇ ಅದರಿ ಅತ್ತಿ' ಎಂದೆ. ಅವತ್ತು ನನ್ನದೊಂದು ಮಾತನ್ನೂ ನಾನು ಸೇರಿಸಲಿಲ್ಲ.