ಅಂಜೈ ಮನೆಯಿಂದ ಒಬ್ಬರು

ಬೆಳಿಗ್ಗೆ ಆರಕ್ಕೆ ಕಂಬದ ಮೇಲಿನ ಧ್ವನಿವರ್ಧಕ ಎರಡು ಸಲ ಕೆಮ್ಮಿ, ಇವತ್ತು ಹತ್ತೂವರೆಗೆ ಬಂಡೆ ತೆರೆಯುತ್ತದೆ ಎಂದು ಸಾರಿತು. ಅಷ್ಟು ಹೊತ್ತಿಗಾಗಲೇ ಅಂಜೈ ಶಿಗೆ ಹಾಸಿಗೆ ಮಡಚಿಟ್ಟು, ಕುಡುಗೋಲನ್ನು ಮೂರನೆಯ ಸಲ ಮಸೆಯುತ್ತಿದ್ದಳು. ಮಸೆಯಲು ಇನ್ನೇನೂ ಉಳಿದಿರಲಿಲ್ಲ.

ಶಿಗೆಗೆ ಎಪ್ಪತ್ತಾರು. ಕಳೆದ ವರ್ಷ ಫೆಬ್ರವರಿಯಲ್ಲಿ ಬಚ್ಚಲ ಹೊಸ್ತಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಈಗ ಕೋಲು ಹಿಡಿದು ಅಂಗಡಿಯವರೆಗೆ ಹೋಗಿಬರುತ್ತಾಳೆ. ಪಾಚಿಗಟ್ಟಿದ ಬಂಡೆಯ ಮೇಲೆ ಕಾಲಿಡುವ ಮಾತನ್ನು ಈ ಜನ್ಮಕ್ಕೆ ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಮುರಿದ ಮೂಳೆಗಿಂತ ಆ ಮಾತೇ ಅವಳಿಗೆ ಹೆಚ್ಚು ನೋವು ಕೊಟ್ಟಿತ್ತು.

ಬೋಸೊ ಪರ್ಯಾಯದ್ವೀಪದ ಹೊರಗಡಲಿಗೆ ಎದೆಯೊಡ್ಡಿ ನಿಂತ ಕುರೊನೆ ಊರಿನಲ್ಲಿ ಬಂಡೆಗಳ ಮೇಲೆ ಹಿಜಿಕಿ ಬೆಳೆಯುತ್ತದೆ. ನೀರಿನಲ್ಲಿದ್ದಾಗ ಕಂದು, ಬೇಯಿಸಿ ಒಣಗಿಸಿದರೆ ಇದ್ದಲಿನಂತೆ ಕಪ್ಪಾಗುವ ಕಡಲಸೊಪ್ಪು ಅದು. ವರ್ಷವಿಡೀ ಅದನ್ನು ಯಾರೂ ಮುಟ್ಟುವಂತಿಲ್ಲ. ವಸಂತದಲ್ಲಿ ಕಡಲು ಅತಿ ಹೆಚ್ಚು ಹಿಂದೆ ಸರಿಯುವ ಒಂದು ದಿನ ನೋಡಿ ಕೊಯ್ಲಿನ ಗುಂಪು ಬಂಡೆಯನ್ನು ತೆರೆಯುತ್ತದೆ. ಪಟ್ಟಿಯಲ್ಲಿರುವ ಪ್ರತಿ ಮನೆಯಿಂದ ಒಬ್ಬರು ಬರಬೇಕು. ಕೊಯ್ಯಲು ಎರಡು ಗಂಟೆ ಸಮಯ. ಆಮೇಲೆ ಮೂರು ದಿನ ದಡದ ಚಪ್ಪರದಲ್ಲಿ ಕೊಪ್ಪರಿಗೆಗಳ ಸುತ್ತ ಕೂತು ಬೇಯಿಸುವುದು. ಯಾವುದಾದರೂ ಮನೆಯಿಂದ ಎರಡು ವರ್ಷ ಸತತವಾಗಿ ಯಾರೂ ಬರದಿದ್ದರೆ ಆ ಮನೆಯ ಹೆಸರು ಪಟ್ಟಿಯಿಂದ ಹೋಗುತ್ತದೆ. ಶಿಗೆ ಮದುವೆಯಾಗಿ ಬಂದಾಗ ಐವತ್ತೊಂದು ಹೆಸರಿದ್ದವು, ಈಗ ಮೂವತ್ತನಾಲ್ಕು. ಹೋದ ಹೆಸರು ಒಂದೂ ಮರಳಿ ಬಂದದ್ದಿಲ್ಲ.

ಅಂಜೈ ಮನೆಯಿಂದ ಕಳೆದ ವರ್ಷ ಯಾರೂ ಹೋಗಿರಲಿಲ್ಲ.

ಸೊಪ್ಪಿಲ್ಲದೆ ಶಿಗೆಯ ಅಡುಗೆಮನೆಯೇನೂ ನಿಂತುಹೋಗುತ್ತಿರಲಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವರು ಕೊಪ್ಪರಿಗೆಯ ಸುತ್ತ ಕೂರಬಾರದು ಎಂದು ಯಾರೂ ಹೇಳಿದ್ದಿಲ್ಲ, ಆದರೆ ಯಾರೂ ಕೂತದ್ದೂ ಇಲ್ಲ. ಗಂಡ ತೀರಿಕೊಂಡು ಹನ್ನೆರಡು ವರ್ಷ. ಮಕ್ಕಳಿಲ್ಲ. ಗುಡ್ಡಗಾಡಿನ ಊರಿನಿಂದ ಬಂದವಳಿಗೆ, ಈಜು ಬಾರದ ಸೊಸೆ ಎಂದು ನಗೆಗೀಡಾದವಳಿಗೆ, ಅತ್ತೆ ಕುಡುಗೋಲು ಕೊಟ್ಟದ್ದು ಮದುವೆಯಾದ ಒಂಬತ್ತನೆಯ ವರ್ಷ. ಊರು ತನ್ನನ್ನು ಒಳಗೆ ಸೇರಿಸಿಕೊಂಡದ್ದು ಯಾವಾಗ ಎಂದು ಕೇಳಿದರೆ ಅವಳು ಮದುವೆಯ ತಾರೀಕು ಹೇಳುವುದಿಲ್ಲ, ಈ ತಾರೀಕು ಹೇಳುತ್ತಾಳೆ.

ಹಾನೆದಾ ರಿಕಾಕೊಳನ್ನು ತನ್ನ ಬದಲು ಕಳಿಸುವ ಯೋಚನೆ ಶಿಗೆಯದೇ. ರಿಕಾಕೊಗೆ ನಲವತ್ತೊಂದು. ನಾಲ್ಕು ವರ್ಷದ ಹಿಂದೆ ಕವಾಸಾಕಿ ನಗರದಿಂದ ಬಂದು, ಶಿಗೆಯ ಹಿತ್ತಲಲ್ಲಿ ಬಲೆ ಇಡುತ್ತಿದ್ದ ಕೋಣೆಯನ್ನು ಬಾಡಿಗೆಗೆ ಹಿಡಿದವಳು. ಯಂತ್ರಗಳನ್ನು ಬಳಸುವುದು ಹೇಗೆಂದು ತಿಳಿಸುವ ಪುಸ್ತಿಕೆಗಳನ್ನು ಕಂಪ್ಯೂಟರಿನಲ್ಲಿ ಬರೆಯುವುದು ಅವಳ ಕೆಲಸ.

ಹತ್ತು ವರ್ಷದಲ್ಲಿ ಹೀಗೆ ಬಂದವರಿಂದ ಕುರೊನೆಯಲ್ಲಿ ನಲವತ್ತಾರು ಹೊಸ ಮನೆಗಳೆದ್ದಿವೆ. ಮುಚ್ಚಬೇಕಿದ್ದ ಶಾಲೆಯಲ್ಲಿ ಇಪ್ಪತ್ತೊಂಬತ್ತು ಮಕ್ಕಳಿದ್ದಾರೆ. ಹಾಗೆಂದು ಹಳಬರು ಹೊಸಬರು ಹಾಲು ಜೇನಿನಂತಿದ್ದಾರೆ ಎನ್ನುವ ಹಾಗಿಲ್ಲ. ಬೆಳಿಗ್ಗೆ ಆರಕ್ಕೇ ಕಿವಿ ಹರಿಯುತ್ತದೆ ಎಂದು ಹೊಸಬರು ಅರ್ಜಿ ಕೊಟ್ಟರು, ಧ್ವನಿವರ್ಧಕದ ಸದ್ದು ಇಳಿಯಿತು. ನಮಗೆ ಏನೂ ಕೇಳಿಸುವುದಿಲ್ಲ ಎಂದು ಹಳಬರು ಕೂಗಾಡಿದರು, ಸದ್ದು ಮೊದಲಿಗಿಂತ ಒಂದು ಗೆರೆ ಮೇಲೇರಿತು.

ಗುಂಪಿನ ಯಜಮಾನ ಕೊಮಿಯಾ ಯಾಯಿಚಿ. ಅರವತ್ತೆಂಟರ ಮೀನುಗಾರ, ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ. ಮೂರು ವಾರದ ಹಿಂದೆ ಸಭೆಯಲ್ಲಿ ಶಿಗೆ ವಿಷಯ ಎತ್ತಿದಾಗ ಅವನು ತಲೆ ಕೆರೆದುಕೊಂಡ. ಒಂದು ಅನ್ನದ ಪಾತ್ರೆಯಿಂದ ಉಣ್ಣುವವರು ಒಂದು ಮನೆ ಎನ್ನುವುದು ಅಜ್ಜಂದಿರ ಕಾಲದ ಕಟ್ಟಳೆ. ರಿಕಾಕೊಗೆ ಬೇರೆ ಬಾಗಿಲು, ಬೇರೆ ಕರೆಂಟಿನ ಮೀಟರು, ಬೇರೆ ಟಪಾಲು ಡಬ್ಬಿ. ಕೊಯ್ಲಿನ ದಿನ ಅವಳನ್ನು ಬಂಡೆಯ ಹತ್ತಿರ ಕರೆದುಕೊಂಡು ಬಾ, ಎಲ್ಲರೂ ಏನನ್ನುತ್ತಾರೋ ನೋಡೋಣ ಎಂದು ಅವನು ಜಾರಿಕೊಂಡ.

ಅವತ್ತಿನ ಸಭೆಯಲ್ಲಿ ಎದುರುಮನೆಯ ಫುಮಿ ತುಟಿ ಬಿಚ್ಚಲಿಲ್ಲ. ಶಿಗೆಯ ನಿದ್ದೆ ಕೆಡಿಸಿದ್ದು ಅದೇ. ಎಪ್ಪತ್ಮೂರರ ಫುಮಿ ಸುಮ್ಮನಿದ್ದದ್ದನ್ನು ಊರು ಕಂಡೇ ಇರಲಿಲ್ಲ. ಬೀದಿಯ ಕಸದ ಕಟ್ಟೆಯ ಕಾವಲು ಅವಳದು. ಅಲ್ಲಿಡುವ ಚೀಲದ ಮೇಲೆ ಪ್ರತಿ ಮನೆಯವರೂ ತಮ್ಮ ಹೆಸರು ಬರೆಯಬೇಕು. ರಿಕಾಕೊ ಬಂದ ಮೊದಲ ವಾರವೇ, ಬಾಟಲಿಯ ಮುಚ್ಚಳ ಬೇರೆ ಮಾಡಿಲ್ಲವೆಂದು ಅವಳ ಚೀಲವನ್ನು ಅವಳ ಬಾಗಿಲಿಗೇ ಹೊತ್ತು ತಂದು ಇಟ್ಟು ಹೋಗಿದ್ದಳು. ಕಳ್ಳರಿಗಿಂತ ಹೆಚ್ಚು ಕಣ್ಣು ಈ ಅಜ್ಜಿಗೆ ಎಂದು ರಿಕಾಕೊ ಗೊಣಗಿದ್ದಳು. ಅದು ಫುಮಿಯ ಕಿವಿಗೂ ಬಿದ್ದಿತ್ತು. ಅಂದಿನಿಂದ ಇಬ್ಬರೂ ಎದುರಾದರೆ ತಲೆ ತಗ್ಗಿಸಿ ನಮಸ್ಕರಿಸುತ್ತಿದ್ದರು, ಮಾತಿಲ್ಲ.

ಹತ್ತು ಗಂಟೆಗೆ ಶಿಗೆ ಅಲೆತಡೆಯ ಗೋಡೆಯ ಮೇಲೆ ಮೀನಿನ ಪೆಟ್ಟಿಗೆ ಮಗುಚಿ ಹಾಕಿ ಕೂತಳು. ಕೆಳಗೆ ಮೂವತ್ತಮೂರು ಮನೆಯವರು, ಅವರ ನಡುವೆ ಶಿಗೆಯ ಹಳೇ ಹೊಲಿಗೆಯ ಅಂಗಿ ತೊಟ್ಟ ರಿಕಾಕೊ. ಅಂಗಿಯ ತೋಳು ಅವಳಿಗೆ ನಾಲ್ಕು ಬೆರಳು ಗಿಡ್ಡ. ಅವಳಿಗೆ ಶಿಗೆ ಹೇಳಿಕೊಟ್ಟದ್ದು ಎರಡೇ ಮಾತು. ಬುಡದಲ್ಲಿ ಒಂದು ಬೆರಳಿನಷ್ಟು ಬಿಟ್ಟು ಕೊಯ್ಯಿ. ಯಾಯಿಚಿ ಏನು ಕೇಳಿದರೂ ಹೂಂ ಅನ್ನು.

ಯಾಯಿಚಿ ಹೆಸರು ಓದುತ್ತ ಬಂದ.

"ಅಂಜೈ."

"ಇದ್ದೀನಿ," ಎಂದಳು ರಿಕಾಕೊ.

ಯಾಯಿಚಿ ಕನ್ನಡಕದ ಮೇಲಿನಿಂದ ನೋಡಿದ. "ನೀನು ಅಂಜೈ ಮನೆಯವಳೇನಮ್ಮಾ?"

ರಿಕಾಕೊ ದಿನವಿಡೀ ತಪ್ಪಿಲ್ಲದ ವಾಕ್ಯ ಬರೆದು ಬದುಕುವವಳು. "ನಾನು ಹಾನೆದಾ. ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೀನಿ," ಎಂದುಬಿಟ್ಟಳು.

ಗೋಡೆಯ ಮೇಲೆ ಶಿಗೆ ಕಣ್ಣು ಮುಚ್ಚಿಕೊಂಡಳು. ಕೆಳಗೆ ಒಬ್ಬಿಬ್ಬರು ಕೆಮ್ಮಿದರು. ಬಾಡಿಗೆಯವರಿಗೆ ಹೂಂ ಅಂದರೆ ನಾಳೆ ನಲವತ್ತಾರು ಮನೆಯೂ ಕುಡುಗೋಲು ಹಿಡಿದು ಬರುತ್ತವಲ್ಲ ಎಂದು ಒಬ್ಬ ಹೇಳಿದ. ಅವನ ಮಾತು ಸುಳ್ಳಾಗಿರಲಿಲ್ಲ. ಯಾಯಿಚಿ ಪಟ್ಟಿ ನೋಡಿದ, ಕಡಲು ನೋಡಿದ. ಬಂಡೆಯ ತುದಿ ಆಗಲೇ ನೀರಿನಿಂದ ಹೊರಬಂದಿತ್ತು. ನೀರು ಯಾರಿಗೂ ಕಾಯುವುದಿಲ್ಲ.

ಆಗ ಫುಮಿ ಬುಟ್ಟಿ ಕೆಳಗಿಟ್ಟಳು.

"ಯಾಯಿಚಿ, ಕಸದ ಕಟ್ಟೆ ನೋಡ್ಕೊಳ್ಳೋಳು ಯಾರು?"

"ನೀನೇ ಅಲ್ವಾ, ಫುಮಿಯಕ್ಕ."

"ಹೋದ ವರ್ಷ ಫೆಬ್ರವರಿತನಕ ನಮ್ಮ ಎದುರುಮನೆಯಿಂದ ಎರಡು ಚೀಲ ಬರ್ತಿತ್ತು. ಒಂದರ ಮೇಲೆ ಅಂಜೈ, ಇನ್ನೊಂದರ ಮೇಲೆ ಹಾನೆದಾ. ಶಿಗೆಕ್ಕ ಬಿದ್ದಾಗಿನಿಂದ ಬರ್ತಿರೋದು ಒಂದೇ. ಅದರ ಮೇಲೆ ಅಂಜೈ ಅಂತ ಬರೆದಿರೋದು ಈ ಹುಡುಗಿ. ಅಕ್ಷರ ನನಗೆ ಗೊತ್ತು. ಒಳಗೆ ಇಬ್ಬರು ತಿಂದ ಮೀನಿನ ಮುಳ್ಳು ಒಟ್ಟಿಗೇ ಇರುತ್ತೆ. ಎರಡು ಒಲೆ ಉರಿಯೋ ಮನೇಲಿ ಕಸ ಒಂದೇ ಆಗುತ್ತಾ?"

"ನೀವು ಚೀಲ ಬಿಚ್ಚಿ ನೋಡ್ತೀರಾ?" ರಿಕಾಕೊ ಕೇಳಿದಳು.

"ಬಿಚ್ಚೋದ್ಯಾಕೆ? ಚೀಲ ತೆಳ್ಳಗಿದೆ, ನನ್ನ ಕಣ್ಣು ಚೆನ್ನಾಗಿದೆ."

ಮೊದಲು ನಕ್ಕವನು ಬಾಡಿಗೆಯವರ ಮಾತೆತ್ತಿದ್ದವನೇ. ಸೊಂಟ ಮುರಿದ ರಾತ್ರಿಯಿಂದ ರಿಕಾಕೊ ತನ್ನ ಒಲೆ ಹೊತ್ತಿಸಿಲ್ಲ, ಶಿಗೆಯ ಅಡುಗೆಮನೆಯಲ್ಲೇ ಅನ್ನ ಮಾಡಿ ಇಬ್ಬರೂ ಉಣ್ಣುತ್ತಾರೆ ಎನ್ನುವುದು ನಿಜವೇ ಆಗಿತ್ತು. ಸಭೆಯಲ್ಲಿ ಅದನ್ನು ಹೇಳಬೇಕೆಂದು ಶಿಗೆಗೆ ಹೊಳೆದಿರಲಿಲ್ಲ. ದಿನಾ ನಡೆಯುವುದನ್ನು ಯಾರು ಹೇಳಿಕೊಳ್ಳುತ್ತಾರೆ? ಯಾಯಿಚಿ ಇನ್ನೂ ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದ. ಕೆಲವರು ಆಗಲೇ ಬುಟ್ಟಿ ಎತ್ತಿಕೊಳ್ಳುತ್ತಿದ್ದರು. ಅವನು ಪೆನ್ಸಿಲಿನಿಂದ ಅಂಜೈ ಹೆಸರಿನ ಮುಂದೆ ಹಾಜರಿಯ ಗುರುತು ಹಾಕಿ ಸೀಟಿ ಊದಿದ.

ರಿಕಾಕೊ ಎರಡು ಗಂಟೆ ಬಾಗಿದ ಬೆನ್ನು ಎತ್ತಲಿಲ್ಲ. ಆದರೂ ಅವಳ ಬುಟ್ಟಿ ಎಲ್ಲರದಕ್ಕಿಂತ ಹಗುರ. ಒಂದು ಬೆರಳು ಬಿಡು ಎಂದಿದ್ದಕ್ಕೆ ಭಯದಿಂದ ಒಂದು ಗೇಣು ಬಿಟ್ಟು ಕೊಯ್ದಿದ್ದಳು. ಕೊಯ್ಯೋಕೆ ಬಂದಳೋ ಕ್ಷೌರ ಮಾಡೋಕೆ ಬಂದಳೋ ಎಂದು ಫುಮಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಬುಡ ಕಿತ್ತು ಬಂಡೆ ಬೋಳು ಮಾಡುವುದಕ್ಕಿಂತ ಅದು ವಾಸಿ ಎಂದು ಯಾಯಿಚಿ ಸಮಾಧಾನ ಹೇಳಿದ.

ಮಧ್ಯಾಹ್ನ ಚಪ್ಪರದಲ್ಲಿ ಕೊಪ್ಪರಿಗೆಗಳು ಕುದಿಯತೊಡಗಿದವು. ಶಿಗೆಯೂ ಕೋಲೂರಿ ಅಲ್ಲಿಗೆ ಬಂದಳು, ರಿಕಾಕೊ ಅವಳ ಪೆಟ್ಟಿಗೆ ಹೊತ್ತು ತಂದಳು. ಹಬೆಯಲ್ಲಿ ಕಬ್ಬಿಣದ, ಉಪ್ಪಿನ ವಾಸನೆ. ಕವಾಸಾಕಿಯಲ್ಲಿ ಏಳು ವರ್ಷವಿದ್ದರೂ ಪಕ್ಕದ ಮನೆಯವರ ಹೆಸರು ತನಗೆ ಗೊತ್ತಿರಲಿಲ್ಲ, ಇಲ್ಲಿ ಒಂದೇ ವಾರಕ್ಕೆ ತನ್ನ ರಾತ್ರಿಯೂಟ ಏನೆಂದು ಬೀದಿಗೆಲ್ಲ ಗೊತ್ತಾಗಿತ್ತು, ಬಂದ ವರ್ಷ ಎರಡು ಸಲ ಗಂಟುಮೂಟೆ ಕಟ್ಟಿ ಮತ್ತೆ ಬಿಚ್ಚಿದ್ದಾಯಿತು ಎಂದು ರಿಕಾಕೊ ಫುಮಿಗೆ ಹೇಳಿದಳು. ಫುಮಿ ತಪ್ಪೊಪ್ಪಿಕೊಳ್ಳಲಿಲ್ಲ. ಹಿಂದೆ ತನ್ನ ಕಿಟಕಿಯಿಂದ ನೋಡಿದರೆ ಐದು ಮನೆ ಕತ್ತಲಾಗಿರುತ್ತಿದ್ದವು, ಈಗ ಎರಡೇ ಎಂದಳು. ಬಂದವರು ಗದ್ದಲ ಮಾಡುತ್ತಾರೆ, ಕಾರು ಅಡ್ಡ ನಿಲ್ಲಿಸುತ್ತಾರೆ, ಆದರೆ ದೀಪ ಹಚ್ಚುತ್ತಾರೆ.

ಆಮೇಲೆ ಅವಳು ಶಿಗೆಯ ಕಡೆ ತಿರುಗಿದಳು. "ನಾನು ಬೇಡ ಅಂತೀನಿ ಅಂತ ನೀನು ಅಂದ್ಕೊಂಡಿದ್ದೆ, ಅಲ್ವಾ?"

"ಹೂಂ."

"ಅನ್ನೋಣ ಅಂತಲೇ ಇದ್ದೆ, ಶಿಗೆಕ್ಕ. ಮೂರು ವಾರ ಯೋಚಿಸಿದೆ. ಸುಳ್ಳು ಹೇಳ್ದೆ ಬೇಡ ಅನ್ನೋಕೆ ದಾರಿ ಸಿಗಲಿಲ್ಲ."

ಅಷ್ಟರಲ್ಲಿ ಯಾಯಿಚಿ ಬೆಂಕಿ ಕಾಯುವ ಸರದಿ ಓದಿದ. ಎರಡರಿಂದ ಮೂರರವರೆಗೆ ಅಂಜೈ. ಯಾರೋ ಶಿಗೆಯ ಪೆಟ್ಟಿಗೆಯನ್ನು ಒಲೆಯ ಬಾಯಿಗೆ ಹತ್ತಿರ ಎಳೆದರು. ಅವಳು ಕೂತು ಒಂದು ಕೊರಡನ್ನು ಒಳಗೆ ನೂಕಿದಳು. ಬೆಳಿಗ್ಗೆಯಿಂದ ತಾನು ಏನೂ ತಿಂದಿಲ್ಲವೆಂದು ಆಗ ನೆನಪಾಯಿತು. ರಿಕಾಕೊ ಬುತ್ತಿ ಬಿಚ್ಚಿ ಉಪ್ಪಿನ ಹುಳಿಹಣ್ಣು ಇಟ್ಟ ಅನ್ನದುಂಡೆ ಕೊಟ್ಟಳು. ಶಿಗೆ ಅದನ್ನು ತಿಂದಳು, ಇನ್ನೊಂದನ್ನು ತಿಂದಳು, ಮತ್ತೂ ಇದೆಯಾ ಎಂದು ಕೇಳಿದಳು.