ಬೂದಿಯಾಗದ ಸೌದೆ

ಚಿಮಣಿಯ ಕೆಳಗಿನ ಹಳೆಯ ಬೆಂಕಿಗೂಡಿನ ಬಾಯಿಗೆ ಹೊಡೆದಿದ್ದ ಹಲಗೆಯನ್ನು ಕಿತ್ತ ದಿನ ಮೊದಲು ಕೆಳಗೆ ಬಿದ್ದದ್ದು ಮಸಿಯೋ ಸತ್ತ ಹಕ್ಕಿಗಳೋ ಎಂಬ ವಿಷಯದಲ್ಲಿ ನನಗೂ ನನ್ನ ಗಂಡನಿಗೂ ಇವತ್ತಿಗೂ ಒಮ್ಮತವಿಲ್ಲ. ನನ್ನ ನೆನಪಿನಲ್ಲಿ ಮೊದಲು ಬಿದ್ದದ್ದು ಹಕ್ಕಿಗಳು. ಒಣಗಿ ಕರಿಕಾಗಿ, ಕಡ್ಡಿಕಸದ ಗೂಡಿನ ಸಮೇತ ಬಿದ್ದವು. ಅವರು ಹೇಳುವಂತೆ ಇದ್ದದ್ದು ಒಂದೇ ಹಕ್ಕಿ, ಉಳಿದದ್ದು ನನ್ನ ಕಲ್ಪನೆ. ಆ ದಿನದ ಡೈರಿಯಲ್ಲಿ ನಾನು "ಮುಂದಿನ ರೂಮು, ನಾತ" ಎಂದಷ್ಟೇ ಬರೆದಿದ್ದೇನೆ. ಹಾಗಾಗಿ ಡೈರಿಯೂ ನನ್ನ ಸಹಾಯಕ್ಕೆ ಬರುವುದಿಲ್ಲ. ಆದರೆ ಕೆಲಸದವನು ಅವುಗಳನ್ನು ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟುವಾಗ ಒಳಗೆ ಹಪ್ಪಳ ಮುರಿದಂಥ ಸದ್ದಾದದ್ದು ಕಿವಿಯಲ್ಲಿ ಹಾಗೇ ಇದೆ. ಒಂದೇ ಹಕ್ಕಿಯಿಂದ ಅಷ್ಟು ಸದ್ದು ಬರುವುದಿಲ್ಲ.

ನಾವು ಆಗ ಮ್ಯಾಂಚೆಸ್ಟರಿನ ದಕ್ಷಿಣಕ್ಕೆ, ಫಾಲೋಫೀಲ್ಡ್ ದಾಟಿ ಸ್ವಲ್ಪ ದೂರದಲ್ಲಿ, ಕೆಂಪು ಇಟ್ಟಿಗೆಯ ಹಳೆಯ ಮನೆಯೊಂದನ್ನು ಕೊಂಡಿದ್ದೆವು. ಗಂಡ ಜಿಪಿ, ಅಂದರೆ ಬಡಾವಣೆಯ ಫ್ಯಾಮಿಲಿ ಡಾಕ್ಟರ್. ನಾನು ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಔಷಧ ಕಾರ್ಖಾನೆಯೊಂದರ ಕೆಲಸಕ್ಕೆ ಹೋಗುತ್ತಿದ್ದೆ. ಮಾವನವರು ತೀರಿಕೊಂಡ ಮೇಲೆ ಅತ್ತೆ ಮೈಸೂರಿನಿಂದ ನಮ್ಮ ಜೊತೆ ಇರಲು ಬಂದರು. ಮಂಡಿನೋವಿನಿಂದಾಗಿ ಮೆಟ್ಟಿಲು ಹತ್ತಲಾಗದೆ ಕೆಳಗಿನ ಮುಂದಿನ ರೂಮಿನಲ್ಲಿ ಮಲಗುತ್ತಿದ್ದರು. ಆ ರೂಮಿನ ಚಳಿಗೆ ಅಲ್ಲಿದ್ದ ಒಂದು ರೇಡಿಯೇಟರ್ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಅಮ್ಮನಿಗೆ ಬೆಚ್ಚಗಿರಲಿ, ಆ ಬೆಂಕಿಗೂಡನ್ನು ತೆರೆಸಿ ಗ್ಯಾಸ್ ಲಾಗ್ ಹಾಕಿಸೋಣ ಎಂದು ಗಂಡ ಹೊರಟರು. ಇನ್ನೊಬ್ಬ ಕನ್ನಡದ ಡಾಕ್ಟರ ಮನೆಯಲ್ಲಿ ಅದರ ಮುಂದೆ ಗ್ಲಾಸು ಹಿಡಿದು ನಿಂತು ಬಂದ ಮೇಲೆಯೇ ಈ ಯೋಚನೆ ಹುಟ್ಟಿತು ಎಂಬುದು ನನ್ನ ಅನುಮಾನ. ಅನುಮಾನವನ್ನು ನೆನಪು ಎಂದು ಬರೆಯಬಾರದು, ಗೊತ್ತು.

ಗ್ಯಾಸ್ ಲಾಗ್ ಎಂದರೆ ಸೌದೆಯಂತೆ ಕಾಣುವ ಪಿಂಗಾಣಿ ತುಂಡುಗಳು. ಅಡಿಯಲ್ಲಿ ಗ್ಯಾಸ್ ಬರ್ನರ್ ಇರುತ್ತದೆ, ತುಂಡುಗಳ ಸಂದಿಯಿಂದ ಹಳದಿ ಜ್ವಾಲೆ ಏಳುತ್ತದೆ. ನಮ್ಮದಕ್ಕೆ ತೊಗಟೆಯ ಬಿರುಕು, ಗಂಟು, ಒಂದು ಕಡೆ ಹಸಿರು ಪಾಚಿಯ ಬಣ್ಣ ಕೂಡ ಬಳಿದಿದ್ದರು. ಪೆಟ್ಟಿಗೆಯಿಂದ ತೆಗೆದು ಮುಟ್ಟಿದಾಗ ಒಣ ಸೀಮೆಸುಣ್ಣ ಮುಟ್ಟಿದ ಹಾಗಾಗಿ ನನ್ನ ಹಲ್ಲು ಜುಮ್ಮೆಂದಿತು. ಸೌದೆಯ ಹಾಗೆ ನಟಿಸುವ ಈ ವಸ್ತುವಿನ ಬಗ್ಗೆ ನನಗೆ ಹುಟ್ಟಿದ ಹೇಸಿಗೆಗೆ ಸರಿಯಾದ ಕಾರಣ ಕೊಡಲಾರೆ. ಸುಳ್ಳು ಹೂವು, ಸುಳ್ಳು ಹಣ್ಣು ಇಟ್ಟುಕೊಂಡ ಮನೆಗಳಲ್ಲಿ ನಾನು ಆರಾಮಾಗಿ ಊಟ ಮಾಡಿ ಬಂದಿದ್ದೇನೆ. ಇದನ್ನು ಮಾತ್ರ ಸಹಿಸಲಾಗಲಿಲ್ಲ.

ಮೊದಲ ಸಲ ಹೊತ್ತಿಸಿದಾಗ ಅತ್ತೆ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ನೋಡಿದರು. ಮಗ ಹೊರಗೆ ಹೋದ ಮೇಲೆ ನನ್ನ ಕಡೆ ತಿರುಗಿದರು.

"ಸೌದೆ ಹಾಕೋ ಹಾಗಿಲ್ಲ, ಬೂದಿ ತೆಗೆಯೋ ಹಾಗಿಲ್ಲ. ನಿಮ್ಮ ಮಾವನವರನ್ನ ಇಟ್ಟ ಕರೆಂಟ್ ಒಲೆ ಹಿಂಗೇ ಇತ್ತು ಕಣೆ. ಅಲ್ಲೂ ಒಬ್ಬ ಗುಂಡಿ ಒತ್ತಿದ, ಅಷ್ಟೇ."

ಆದರೂ ಅವರ ಕಾಲಿಗೆ ಅದು ಹಿತವಾಗಿತ್ತು. ಸುಳ್ಳು ಹೇಳಬಾರದು, ನನ್ನ ಕಾಲಿಗೂ ಹಿತವಾಗಿತ್ತು.

ಆ ಬೆಂಕಿಗೆ ಗಾಳಿ ಬೇಕೆಂದು ಕೆಲಸದವನು ಹೊರಗೋಡೆಯ ಕೆಳಭಾಗದಲ್ಲಿ ಒಂದು ತೂತು ಕೊರೆದು ಜಾಲರಿ ಕೂರಿಸಿದ. ಇದನ್ನು ಯಾವ ಕಾರಣಕ್ಕೂ ಮುಚ್ಚಬಾರದು ಎಂದು ಹೇಳಿದ. ಹೇಳಿದ್ದು ಯಾರಿಗೆ ಎಂಬಲ್ಲಿ ನಮ್ಮ ನೆನಪುಗಳು ಮತ್ತೆ ಬೇರೆಯಾಗುತ್ತವೆ. ಗಂಡನ ಪ್ರಕಾರ ನನಗೆ. ಕೆಲಸದವನು ಚಹಾದ ಕಪ್ಪನ್ನು ಹಿಂತಿರುಗಿಸುತ್ತ ಇಂಗ್ಲಿಷಿನಲ್ಲಿ ಅತ್ತೆಗೆ ಹೇಳಿದ, ಅತ್ತೆ ಗೌರವದಿಂದ ತಲೆಯಾಡಿಸಿದರು, ನಾನು ಬಾಗಿಲ ಬಳಿ ಫೋನಿನಲ್ಲಿದ್ದೆ ಎಂದು ನನ್ನ ನೆನಪು.

ತೂತು ಬಂದದ್ದು ದೇವರ ಪಕ್ಕದಲ್ಲಿ. ಬೆಂಕಿಗೂಡಿನ ಪಕ್ಕ ಗೋಡೆ ಒಳಸರಿದ ಜಾಗದಲ್ಲಿ, ಪೂರ್ವಕ್ಕೆ ಮುಖ ಬರುತ್ತದೆಂದು, ಅತ್ತೆ ಒಂದು ಕಾಲಿರುವ ತಗ್ಗಿನ ಮಣೆಯಿಟ್ಟು ದೇವರನ್ನು ಕೂರಿಸಿದ್ದರು. ಕುರ್ಚಿಯಲ್ಲಿ ಕೂತೇ ಪೂಜೆ ಮಾಡಲು ಅನುಕೂಲವಾಗುವಷ್ಟೇ ಎತ್ತರ. ಜಾಲರಿಯಿಂದ ನುಗ್ಗುವ ನವೆಂಬರಿನ ಗಾಳಿ ನೇರ ಅವರ ದೀಪಕ್ಕೆ ಹೊಡೆಯುತ್ತಿತ್ತು. ದೀಪ ಆರಿತು ಎನ್ನುವ ಮಾತು ಅವರ ಬಾಯಲ್ಲಿ ಬರುವುದಿಲ್ಲ, ಶಾಂತವಾಯಿತು ಎನ್ನುತ್ತಾರೆ. ಬೆಳಿಗ್ಗೆ ಶಾಂತವಾಯಿತು, ಸಂಜೆ ಶಾಂತವಾಯಿತು ಎಂದು ಮಗನ ಬಳಿ ಹೇಳಿಕೊಂಡರು. ಮಣೆಯನ್ನು ಈಚೆಗೆ ಸರಿಸಿಕೊಡು ಎಂದರು. ನೋಡೋಣಮ್ಮ ಎಂದು ಮಗ ಕ್ಲಿನಿಕ್ಕಿಗೆ ಹೋದರು. ನೋಡಲಿಲ್ಲ. ಸ್ವಲ್ಪ ದಿನಕ್ಕೆ ಅತ್ತೆಯ ದೂರು ನಿಂತಿತು, ದೀಪವೂ ಅಲುಗದೆ ನಿಂತಿತು. ದೀಪ ನಿಂತದ್ದು ಹೇಗೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಬೆಂಕಿ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ವಿಷಾನಿಲಕ್ಕೆ ಕೂಗುವ ಅಲಾರಂ ಒಂದನ್ನೂ ಕೆಲಸದವನು ಹಾಕಿಹೋಗಿದ್ದ. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿಯ ಒಗ್ಗರಣೆಗೆ ಹೊಗೆ ಅಲಾರಂ ಕಿರುಚುವುದು ನಮ್ಮವರ ಮನೆಗಳಲ್ಲೆಲ್ಲ ಮಾಮೂಲಿ. ಅದರ ಬ್ಯಾಟರಿ ತೆಗೆದಿಡುವುದೂ ಅಷ್ಟೇ ಮಾಮೂಲಿ. ಎರಡೂ ಒಂದೇ ಜಾತಿಯದೆಂದುಕೊಂಡು ಗಂಡ ಎರಡರ ಬ್ಯಾಟರಿಯನ್ನೂ ಬಿಚ್ಚಿ ಚಮಚಗಳ ಡ್ರಾಯರಿಗೆ ಹಾಕಿದ್ದರು.

ಡಿಸೆಂಬರಿನಲ್ಲಿ ಅತ್ತೆಗೆ ತಲೆನೋವು ಶುರುವಾಯಿತು. ಮಧ್ಯಾಹ್ನ ಹೊತ್ತಲ್ಲದ ಹೊತ್ತಿನಲ್ಲಿ ನಿದ್ದೆ. ಕೇಳಿದ ಮಾತಿಗೆ ತಡವಾಗಿ ಉತ್ತರ. ಮಗ ನಾಡಿ ಹಿಡಿದು ವೈರಲ್ ಎಂದರು. ಇಡೀ ಮ್ಯಾಂಚೆಸ್ಟರಿಗೇ ಇದೆ ಎಂದರು. ನನಗೂ ಸಂಜೆ ಆ ರೂಮಿನಲ್ಲಿ ಕೂತರೆ ತಲೆನೋವು ಬಂದು ಹೊಟ್ಟೆ ತೊಳಸುತ್ತಿತ್ತು. ಈಗ ಬರೆಯುವಾಗ ನನ್ನನ್ನು ಕಾಡುವ ವಿಷಯವಿದು: ಹೊಟ್ಟೆ ತೊಳಸುವುದಕ್ಕೆ ಕಾರಣ ನನಗೆ ಮೊದಲೇ ಸಿದ್ಧವಿತ್ತು. ಆ ಪಿಂಗಾಣಿ ಪಾಚಿಯನ್ನು ಕಂಡರೆ ನನಗಾಗದು, ಅದಕ್ಕೇ ವಾಕರಿಕೆ ಎಂದುಕೊಂಡೆ. ಗಂಡನೂ ಅದನ್ನೇ ಹೇಳಿದರು. "ನಿನಗೆ ಅದು ಇಷ್ಟ ಇಲ್ಲ, ಅದಕ್ಕೇ ತಲೆನೋವು. ನಿನ್ನ ತಲೆನೋವಿಗೂ ಒಂದು ಅಭಿಪ್ರಾಯ ಇರುತ್ತೆ." ನಾನು ನಕ್ಕೆ ಅಂತಲೂ ನೆನಪು.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಜನ ಬರುವವರಿದ್ದರು. ಚಳಿಯೆಂದು ಕಿಟಕಿಗಳನ್ನೆಲ್ಲ ಭದ್ರವಾಗಿ ಹಾಕಿತ್ತು. ಬಿಸಿಬೇಳೆಬಾತಿನ ಘಾಟು ಮನೆ ತುಂಬದಿರಲೆಂದು ಅಡುಗೆಮನೆಯ ದೊಡ್ಡ ಎಕ್ಸಾಸ್ಟ್ ಫ್ಯಾನು ಬೆಳಗಿನಿಂದ ಜೋರಾಗಿ ತಿರುಗುತ್ತಿತ್ತು. ಬೆಂಕಿಯ ಮುಂದೆ ಕೂತಿದ್ದ ಅತ್ತೆಗೆ ಕಾಫಿ ಕೊಡಲು ಹೋದರೆ ಅವರು ಸೆರಗಿನ ಮೇಲೆ ವಾಂತಿ ಮಾಡಿಕೊಂಡು ಕುರ್ಚಿಯಿಂದ ಒಂದು ಕಡೆಗೆ ಜಾರಿದ್ದರು. ಎಚ್ಚರವಿತ್ತು, ಆದರೆ ನನ್ನ ಗುರುತು ಹತ್ತಲಿಲ್ಲ. ಆಂಬುಲೆನ್ಸಿನವರು ಮುಂದಿನ ರೂಮಿಗೆ ಕಾಲಿಟ್ಟ ತಕ್ಷಣ ಅವರ ಚೀಲಕ್ಕೆ ಸಿಕ್ಕಿಸಿದ್ದ, ವಿಷಾನಿಲ ಪತ್ತೆ ಮಾಡುವ ಪುಟ್ಟ ಯಂತ್ರ ಕೂಗತೊಡಗಿತು. ಅವರಲ್ಲಿ ಒಬ್ಬಾಕೆ ನಮ್ಮೆಲ್ಲರನ್ನೂ ಅಡುಗೆ ಬಟ್ಟೆಯಲ್ಲೇ ಫುಟ್‌ಪಾತಿಗೆ ಅಟ್ಟಿದಳು. ನನ್ನ ಗಂಡ ತಾನು ಡಾಕ್ಟರ್ ಎಂದು ಅವಳಿಗೆ ತಿಳಿಸಿದರು. ಸರಿ, ಆಚೆ ನಿಲ್ಲಿ ಡಾಕ್ಟರ್ ಎಂದಳು.

ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದು ಆಮ್ಲಜನಕ ಹಾಕಿದರು. ಗಂಡ ಅವರ ಜೊತೆ ಹೋದರು, ನಾನು ಮನೆಯ ಹೊರಗೇ ಗ್ಯಾಸ್ ಕಂಪನಿಯವನಿಗಾಗಿ ಕಾದೆ. ಅವನು ಬಂದು ಮಣೆಯನ್ನು ದೇವರ ಸಮೇತ ಸರಿಸಿ ಜಾಲರಿ ಬಿಚ್ಚಿದ. ತೂತಿನೊಳಗೆ ಅತ್ತೆಯ ಹಳೆಯ ಹತ್ತಿ ಸೀರೆಯ ತುಂಡನ್ನು ಮಡಿಸಿ ಮಡಿಸಿ ತುಂಬಿತ್ತು, ಮೇಲೆ ಪಾರ್ಸೆಲ್ ಟೇಪು. ಎಷ್ಟು ಅಚ್ಚುಕಟ್ಟಾಗಿ ಎಂದರೆ ಒಂದು ಎಳೆಯೂ ಹೊರಗೆ ಇಣುಕುತ್ತಿರಲಿಲ್ಲ. ಗಾಳಿ ಒಳಗೆ ಬರುವ ದಾರಿ ಮುಚ್ಚಿತ್ತು, ಅಡುಗೆಮನೆಯ ಫ್ಯಾನು ಮನೆಯ ಗಾಳಿಯನ್ನೆಲ್ಲ ಹೊರಗೆ ಎಳೆಯುತ್ತಿತ್ತು, ಆದ್ದರಿಂದ ಮೇಲೆ ಹೋಗಬೇಕಾದ ವಿಷಾನಿಲ ಚಿಮಣಿಯಿಂದ ರೂಮಿಗೇ ಇಳಿಯುತ್ತಿತ್ತು ಎಂದು ವಿವರಿಸಿದ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದ. ಆ ಚಳಿಗಾಲದ ಉದ್ದಕ್ಕೂ ಆ ರೂಮು ನಾರುತ್ತಿತ್ತು ಎಂದು ನಾನು ಪ್ರಮಾಣ ಮಾಡಬಲ್ಲೆ. ಅದು ಯಾವುದರ ನಾತವೋ ಗೊತ್ತಿಲ್ಲ.

ಅತ್ತೆ ಮಾರನೆಯ ದಿನ ಮನೆಗೆ ಬಂದರು. ಆ ರೂಮಿಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು, ಹಿಂದುಹಿಂದಕ್ಕೆ ಒಂದೊಂದೇ ಮೆಟ್ಟಿಲು ಏರಿ, ಮೇಲಿನ ಚಿಕ್ಕ ಕೋಣೆ ಸೇರಿದರು. ದಿನಕ್ಕೊಮ್ಮೆ ಇಳಿಯುತ್ತಿದ್ದರು. ಅವರು ಆ ಕೋಣೆಯಲ್ಲಿ ಹಾಗೆ ಮುದುರಿಕೊಂಡು ಕೂತರೆ ಮಂಡಿ ಪೂರ್ತಿ ಹಿಡಿದುಹೋಗುತ್ತದೆಂದು ನನಗೆ ದಿಗಿಲಾಗಿತ್ತು. ಗಂಡ ತೂತು ತೆರವು ಮಾಡಿಸಿ, ಎಲ್ಲವನ್ನೂ ಮತ್ತೆ ಪರೀಕ್ಷೆ ಮಾಡಿಸಿ, ಅಲಾರಂಗೆ ಬ್ಯಾಟರಿ ಹಾಕಿ, ಬೆಂಕಿಯನ್ನು ಪುನಃ ಹೊತ್ತಿಸಿದರು. ಈಗ ಎಲ್ಲ ಸೇಫ್ ಎಂದು ಅವರ ವಾದ. ಅದು ನಿಜವೂ ಹೌದು.

ಮುಂದೂಡಿದ್ದ ಆ ಊಟ ಸಂಕ್ರಾಂತಿ ಕಳೆದ ಮೇಲೆ ನಡೆಯಿತು. ಎಳ್ಳುಬೆಲ್ಲ ಕೊಟ್ಟಾಯಿತು, ಜನ ಬೆಂಕಿಯ ಸುತ್ತ ಕೂತರು. ಬಂದವರಿಗಾಗಿ ಅತ್ತೆ ಕೆಳಗಿಳಿದು ಬಾಗಿಲ ಹತ್ತಿರದ ಕುರ್ಚಿಯಲ್ಲಿದ್ದರು. ಯಾರೋ ಆರೋಗ್ಯ ವಿಚಾರಿಸಿದರು. ನನ್ನ ಗಂಡ ಅದನ್ನೊಂದು ಕಥೆ ಮಾಡಿದರು. ಸೀರೆ, ಪಾರ್ಸೆಲ್ ಟೇಪು, ಫುಟ್‌ಪಾತು ಎಲ್ಲ ಇತ್ತು, ಬ್ಯಾಟರಿ ಮಾತ್ರ ಇರಲಿಲ್ಲ.

"ದೀಪ ಉಳಿಸೋಕೆ ಹೋಗಿ ನಮ್ಮಮ್ಮ ಮನೆಮಂದೀನೆಲ್ಲ ಆರಿಸಿಬಿಡ್ತಿದ್ರು" ಎಂದರು.

"ವೀಸಾ ಇಲ್ಲದೆ ವೈಕುಂಠ, ಅಲ್ವಾ ಆಂಟಿ" ಎಂದ ಇನ್ನೊಬ್ಬ ಡಾಕ್ಟರ್. ಎಲ್ಲರೂ ನಕ್ಕರು. ಬೆಂಕಿಯ ಬೆಳಕಿನಲ್ಲಿ ಆ ಬಾಯಿಗಳು, ಹಲ್ಲಿಗೆ ಮೆತ್ತಿದ ಎಳ್ಳು. ನನಗೆ ಮತ್ತೆ ಹೊಟ್ಟೆ ತೊಳಸಿತು. ಈ ಸಲ ಗೋಡೆಯ ಮೇಲಿನ ಅಲಾರಂ ಸುಮ್ಮನಿತ್ತು.

ಅತ್ತೆ ಮಗನನ್ನೇ ನೋಡಿದರು. ದನಿ ಏರಿಸಲಿಲ್ಲ.

"ಹೂಂನಪ್ಪ. ಗಾಳಿ ಬರ್ತಿದೆ, ಮಣೆ ಸರಿಸಿಕೊಡು ಅಂತ ನಿನಗೆ ಹೇಳ್ದೆ. ನೋಡೋಣಮ್ಮ ಅಂದೆ. ನೀನು ನೋಡ್ಲಿಲ್ಲ, ನಾನು ನೋಡ್ದೆ."

ಒಬ್ಬಾಕೆ ಕೋಸಂಬರಿ ತುಂಬಾ ಚೆನ್ನಾಗಿದೆ ಎಂದರು.

ಮರುದಿನ ಬೆಳಿಗ್ಗೆ ನಾನು ಗ್ಯಾಸ್ ಲಾಗ್ ಹಾಕಿದವನಿಗೇ ಫೋನ್ ಮಾಡಿ, ಅವನು ಬರುವ ದಿನಕ್ಕೆ ಕೆಲಸಕ್ಕೆ ರಜೆ ಹೇಳಿದೆ. ಅವನು ಎರಡು ದಿನ ಬಿಟ್ಟು ಬಂದು ಗ್ಯಾಸಿನ ಕೊಳವೆಗೆ ಮುಚ್ಚಳ ಹಾಕಿ, ಬೆಂಕಿಗೂಡಿನ ಬಾಯಿಗೆ ಹಲಗೆ ಹೊಡೆದ. ಬೆಂಕಿಯಿಲ್ಲದ ಮೇಲೆ ಗೋಡೆಯ ತೂತಿನ ಅಗತ್ಯವಿಲ್ಲವೆಂದು ಅದನ್ನೂ ಗಾರೆಯಲ್ಲಿ ಮುಚ್ಚಿದ. ಚಳಿಗೆ ಎಣ್ಣೆ ಹೀಟರೊಂದನ್ನು ತಂದಿಟ್ಟೆ. ಸಂಜೆ ಗಂಡ ಬಂದು ಹಲಗೆ ನೋಡಿದರು. ಒಂದು ಮಾತು ಕೇಳಬಹುದಿತ್ತು, ಮನೆ ಮಾರುವಾಗ ಅದಕ್ಕೊಂದು ಬೆಲೆಯಿತ್ತು ಎಂದರು.

"ಮಾರೋವಾಗ ಹಾಕಿಸಿಕೊಳ್ಳಿ. ಆಗ ಅಮ್ಮ ಆ ರೂಮಲ್ಲಿ ಮಲಗಿರಲ್ಲ" ಎಂದೆ.

ಅವರು ಪಿಂಗಾಣಿ ಸೌದೆಯ ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ಕಾರಿನ ಡಿಕ್ಕಿಯಲ್ಲಿಟ್ಟರು. ಎಸೆದರೋ, ಯಾರಿಗಾದರೂ ಕೊಟ್ಟರೋ, ನಾನು ಕೇಳಲಿಲ್ಲ.

ಮೇಲಿನಿಂದ ಧಪ್ಪೆಂದು ಸದ್ದಾಯಿತು. ಅತ್ತೆ ತಮ್ಮ ಹಾಸಿಗೆಯನ್ನು ಸುತ್ತಿ ಮೆಟ್ಟಿಲ ಮೇಲಿಂದ ಉರುಳಿಸಿದ್ದರು. ಅದು ಕೆಳಗೆ ಬಂದು ನಿಂತಿತು. ಅದರ ಹಿಂದೆ ಅವರೂ ಕೂತುಕೊಂಡೇ, ಕೈಯೂರಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದರು. ಮುಂದಿನ ರೂಮಿನ ಬಾಗಿಲಲ್ಲಿ ನಿಂತು ಒಂದು ಸಲ ಮೂಗೆಳೆದು ನೋಡಿದರು. ಆಮೇಲೆ ಹಾಸಿಗೆ ಹಾಸು ಎಂದರು.